ದೂರದ ಕಾಲೇಜಿನ ಸ್ಕಾಲರ್‌ಶಿಪ್ಪಾ, ಹತ್ತಿರದ ಕಾಲೇಜಾ? ಎರಡನೇ ವರ್ಷದ ಲೆಕ್ಕ ಮೊದಲು ಹಾಕಿ

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಅಕ್ಕನ ಮಗಳು ಒಂದು ಪತ್ರ ಹಿಡಿದುಕೊಂಡು ಮನೆಗೆ ಬಂದಳು. ಬೆಂಗಳೂರಿನ ಆಚೆ ಇರುವ ಒಂದು ಖಾಸಗಿ ಕಾಲೇಜಿನದು. ದಪ್ಪ ಅಕ್ಷರದಲ್ಲಿ '50% ಸ್ಕಾಲರ್‌ಶಿಪ್' ಅಂತ ಇತ್ತು. ಅವರ ಊರು ಗಂಗಾವತಿ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಅಲ್ಲಿಂದ ಕಾಲೇಜಿಗೆ ಇನ್ನೂ ಒಂದೂವರೆ ತಾಸು. ಇತ್ತ ಸಿಇಟಿಯಲ್ಲಿ ಹತ್ತಿರದ ಹೊಸಪೇಟೆಯಲ್ಲೇ ಎಂಜಿನಿಯರಿಂಗ್ ಸೀಟು ಸಿಗುವ ಲಕ್ಷಣವಿತ್ತು.

ಅಕ್ಕ ಆಗಲೇ ಓಣಿಯವರಿಗೆಲ್ಲ ಪೇಡೆ ಹಂಚಿದ್ದಳು. ಹುಡುಗಿ ಮಾತ್ರ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು: "ಮಾಮಾ, ಇದ್ರಾಗ ಪ್ರತಿ ವರ್ಷ ಕೊಡ್ತೀವಿ ಅಂತ ಎಲ್ಲಿ ಬರದಾರ?"

ಎಲ್ಲೂ ಬರೆದಿರಲಿಲ್ಲ.

ಆ ಬೇಸಿಗೆ ಪೂರ್ತಿ ನಾವು ಆ ಒಂದು ಪ್ರಶ್ನೆ ಹಿಡಿದುಕೊಂಡು ಓಡಾಡಿದೆವು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೇ ಪತ್ರ ಬಂದಿದ್ದರೆ ಒಂದು ನೋಟ್‌ಬುಕ್, ಒಂದು ಪೆನ್ನು ಹಿಡಿದು ಕೂತುಕೊಳ್ಳಿ. ಎಲ್ಲರೂ ಮೊದಲ ವರ್ಷದ ಖರ್ಚು ನೋಡಿ ಕಾಲೇಜು ಆರಿಸುತ್ತಾರೆ. ನೀವು ಎರಡನೇ ವರ್ಷದ್ದು ನೋಡಿ.

ಮೊದಲ ಹೆಜ್ಜೆ: ಸ್ಕಾಲರ್‌ಶಿಪ್ ಯಾರದ್ದು ಅಂತ ತಿಳಿದುಕೊಳ್ಳಿ

ಎಲ್ಲದಕ್ಕೂ ಸ್ಕಾಲರ್‌ಶಿಪ್ ಅಂತಲೇ ಹೆಸರು. ಆದರೆ ಒಳಗೆ ಎರಡು ಜಾತಿ ಇದೆ. ಒಂದು ಕಾಲೇಜಿಗೆ ಅಂಟಿಕೊಂಡದ್ದು. ಇನ್ನೊಂದು ವಿದ್ಯಾರ್ಥಿಯ ಜೊತೆ ಹೋಗುವಂಥದ್ದು.

ಕಾಲೇಜಿನದು ಅಂದರೆ ಬಹಳ ಸಲ ಫೀಸಿನಲ್ಲಿ ರಿಯಾಯಿತಿ, ಅಷ್ಟೇ. ಕೈಗೆ ದುಡ್ಡು ಬರುವುದಿಲ್ಲ. ಕಾಲೇಜು ತಾನೇ ಹೇಳಿದ ಫೀಸಿನಲ್ಲಿ ತಾನೇ ಒಂದಿಷ್ಟು ಬಿಡುತ್ತದೆ. ಅದು ತಪ್ಪಲ್ಲ. ಆದರೆ ಆ ಕಾಲೇಜು ಬಿಟ್ಟರೆ ಅದೂ ಹೋಯಿತು.

ವಿದ್ಯಾರ್ಥಿಯ ಜೊತೆ ಹೋಗುವಂಥವು ಬೇರೆ. ತಾಂತ್ರಿಕ ಕೋರ್ಸಿಗೆ ಸೇರುವ ಹೆಣ್ಣುಮಕ್ಕಳಿಗೆ ಎಐಸಿಟಿಇಯ (ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ) ಪ್ರಗತಿ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 50,000 ರೂಪಾಯಿ. ಮನೆಯ ಆದಾಯ ವರ್ಷಕ್ಕೆ 8 ಲಕ್ಷ ಮೀರಬಾರದು, ಒಂದು ಮನೆಯಿಂದ ಇಬ್ಬರು ಹುಡುಗಿಯರವರೆಗೆ ಅರ್ಜಿ ಹಾಕಬಹುದು. ಮೆರಿಟ್ ಪಟ್ಟಿಯಲ್ಲಿ ಹೆಸರು ಬರಬೇಕು. ಮೂಲ ವಿಜ್ಞಾನ ಓದುವ ಮಕ್ಕಳಿಗೆ ಇನ್‌ಸ್ಪೈರ್ ಇದೆ, ವರ್ಷಕ್ಕೆ 80,000. ಅದು ಎಂಜಿನಿಯರಿಂಗ್, ಮೆಡಿಕಲ್‌ಗೆ ಇಲ್ಲ. ಸರ್ಕಾರಿ ಶಾಲೆ ಮತ್ತು ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ಕೊಡುತ್ತದೆ. ಕೇಂದ್ರ ಸರ್ಕಾರದ್ದು ಒಂದಿದೆ: ಪಿಯುಸಿಯಲ್ಲಿ ತಮ್ಮ ಬೋರ್ಡಿನ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು, ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಡಿಗ್ರಿಗೆ ವರ್ಷಕ್ಕೆ 12,000. ಪರ್ಸೆಂಟೈಲ್ ಅಂದರೆ ಪರ್ಸೆಂಟೇಜ್ ಅಲ್ಲ, ನೂರು ಜನರಲ್ಲಿ 80 ಜನರಿಗಿಂತ ಮೇಲಿರುವುದು, ನೆನಪಿರಲಿ. ಹಾಗೆಯೇ ರಾಜ್ಯಕ್ಕೆ ಇಂತಿಷ್ಟು ಜನಕ್ಕೆ ಅಂತ ಮಿತಿಯೂ ಇದೆ.

ಇವೆಲ್ಲ ಹೊಸಪೇಟೆಯಲ್ಲಿ ಓದಿದರೂ ಬರುತ್ತವೆ, ದೂರದ ಊರಿನಲ್ಲಿ ಓದಿದರೂ ಬರುತ್ತವೆ. ಆದ್ದರಿಂದ ದೂರದ ಕಾಲೇಜಿನವರು "ನಮ್ಮಲ್ಲಿ ಪ್ರಗತಿನೂ ಸಿಗುತ್ತೆ" ಅಂತ ಹೇಳಿದರೆ ಅದನ್ನು ಅವರ ಲೆಕ್ಕಕ್ಕೆ ಬರೆಯಬೇಡಿ. ಎರಡೂ ಕಡೆ ಬರೆಯಿರಿ. ಹಲವು ಯೋಜನೆಗಳಲ್ಲಿ ಒಂದು ತಗೊಂಡರೆ ಇನ್ನೊಂದು ಇಲ್ಲ ಅನ್ನುವ ಷರತ್ತಿದೆ, ಅದನ್ನೂ ಓದಿ.

ಎರಡನೇ ಹೆಜ್ಜೆ: ಪತ್ರದಲ್ಲಿ ಇಲ್ಲದ್ದನ್ನು ಬರೆಸಿಕೊಳ್ಳಿ

ಫೋನಿನಲ್ಲಿ ಕೇಳಿದರೆ ಎಲ್ಲದಕ್ಕೂ "ಹೌದು ಸಾರ್, ಇದೆ ಸಾರ್" ಅಂತಾರೆ. ಫೋನು ಇಟ್ಟ ಮೇಲೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಇಮೇಲ್ ಮಾಡಿ. ಇಮೇಲ್ ಮಾಡಲು ಬರದಿದ್ದರೆ ಮಗ, ಮಗಳಿಂದ ಮಾಡಿಸಿ. ಕೇಳಬೇಕಾದ್ದು ಇಷ್ಟು:

ರಿಯಾಯಿತಿ ಒಂದು ವರ್ಷಕ್ಕಾ, ಕೋರ್ಸು ಮುಗಿಯುವವರೆಗಾ? ಬರೀ ಟ್ಯೂಷನ್ ಫೀಸಿಗಾ, ಒಟ್ಟು ಫೀಸಿಗಾ? ಮುಂದುವರಿಯಲು ಎಷ್ಟು ಸಿಜಿಪಿಎ (ಹತ್ತಕ್ಕೆ ಎಷ್ಟು ಅಂತ ಹೇಳುವ ಸರಾಸರಿ ಅಂಕ) ಬೇಕು? ಒಂದು ಸಬ್ಜೆಕ್ಟ್ ಬ್ಯಾಕ್ ಉಳಿದರೆ, ಅಂದರೆ ಪಾಸಾಗದಿದ್ದರೆ, ನಿಲ್ಲುತ್ತಾ? ಹಾಜರಾತಿ ಎಷ್ಟಿರಬೇಕು? ಫೀಸು ಪ್ರತಿ ವರ್ಷ ಏರುತ್ತಾ, ಎಷ್ಟು ಏರುತ್ತೆ? ಒಮ್ಮೆ ನಿಂತ ಸ್ಕಾಲರ್‌ಶಿಪ್ ಮುಂದಿನ ಸೆಮಿಸ್ಟರಿನಲ್ಲಿ ಒಳ್ಳೆ ಅಂಕ ಬಂದರೆ ಮತ್ತೆ ಶುರುವಾಗುತ್ತಾ?

ನಮಗೆ ನಾಲ್ಕು ದಿನದ ಮೇಲೆ ಉತ್ತರ ಬಂತು. ಟ್ಯೂಷನ್ ಫೀಸಿಗೆ ಮಾತ್ರ. ಪ್ರತಿ ವರ್ಷ ಸಿಜಿಪಿಎ 8.5 ಇರಬೇಕು. ಒಂದು ಬ್ಯಾಕ್ ಇದ್ದರೂ ರದ್ದು. ಒಮ್ಮೆ ರದ್ದಾದರೆ ಮತ್ತೆ ಇಲ್ಲ.

ಹುಡುಗಿ ಜಾಣೆ. ಆದರೆ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್ ಇಂಥ ಮಕ್ಕಳಿಗೆ ಎಷ್ಟು ಕಷ್ಟ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಮೂರನೇ ಸೆಮಿಸ್ಟರ್ ಹೊತ್ತಿಗೆ ಎಲ್ಲರ ಸಮ ಬರುತ್ತಾರೆ, ಎಷ್ಟೋ ಜನ ಮುಂದೆಯೂ ಹೋಗುತ್ತಾರೆ. ಆದರೆ ಸ್ಕಾಲರ್‌ಶಿಪ್ ಅಳೆಯುವುದು ಆ ಮೊದಲ ವರ್ಷವನ್ನೇ. ನಿಮ್ಮ ಮಗುವಿನ ಓದಿನ ದಾರಿ ಹೇಗಿದೆ ಅಂತ ನೋಡಿಕೊಂಡು ಷರತ್ತು ಓದಿ.

ಮೂರನೇ ಹೆಜ್ಜೆ: ಹಾಳೆಯ ನಡುವೆ ಗೆರೆ ಎಳೆಯಿರಿ

ಎಡಕ್ಕೆ ದೂರದ್ದು, ಬಲಕ್ಕೆ ಹತ್ತಿರದ್ದು. ನಾವು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹಾಕಿದ ಲೆಕ್ಕವನ್ನು ದುಂಡು ಅಂಕಿಯಲ್ಲಿ ಕೊಡುತ್ತೇನೆ. ನಿಮ್ಮ ಅಂಕಿ ಬೇರೆ ಇರುತ್ತೆ, ಹಾಕುವ ರೀತಿ ಇದೇ.

ದೂರದ ಕಾಲೇಜು: ಟ್ಯೂಷನ್ ಫೀಸು 2,00,000, ರಿಯಾಯಿತಿ ಹೋಗಿ 1,00,000. 'ಇತರೆ ಶುಲ್ಕ' 40,000. ಹಾಸ್ಟೆಲ್, ಮೆಸ್ 1,10,000. ವರ್ಷಕ್ಕೆ ನಾಲ್ಕು ಸಲ ಊರಿಗೆ ಬಂದು ಹೋಗಲು 12,000. ಕೈ ಖರ್ಚು ತಿಂಗಳಿಗೆ 2,000ದಂತೆ ಹತ್ತು ತಿಂಗಳಿಗೆ 20,000. ಒಟ್ಟು 2,82,000.

ಹತ್ತಿರದ ಕಾಲೇಜು: ಸಿಇಟಿ ಸೀಟಿನ ಫೀಸು 1,05,000. ಪುಸ್ತಕ, ಪರೀಕ್ಷೆ 12,000. ಹೊರಗಿನ ಚಹಾ ತಿಂಡಿ 8,000. ಬಸ್ಸಿಗೆ ಸೊನ್ನೆ, ಶಕ್ತಿ ಯೋಜನೆ ಇದೆ. ಒಟ್ಟು 1,25,000.

ಬಾವ ಬಹಳ ಹೊತ್ತು ಹಾಳೆ ನೋಡುತ್ತಾ ಕೂತರು. ಒಂದು ಲಕ್ಷ ಉಳಿಯಿತು ಅಂತ ಅವರು ಅಂದುಕೊಂಡಿದ್ದರು. ನಿಜವಾಗಿ ವರ್ಷಕ್ಕೆ 1,57,000 ಜಾಸ್ತಿ ಹೋಗುತ್ತಿತ್ತು.

ಆಮೇಲೆ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಸ್ಕಾಲರ್‌ಶಿಪ್ ಎರಡನೇ ವರ್ಷದಿಂದ ನಿಂತರೆ? ನಮ್ಮ ಲೆಕ್ಕದಲ್ಲಿ ದೂರದ ಕಾಲೇಜಿನ ವರ್ಷದ ಖರ್ಚು 3,82,000 ಆಯಿತು. ನಾಲ್ಕು ವರ್ಷಕ್ಕೆ ಒಟ್ಟು 14,28,000. ಹತ್ತಿರದ್ದು ನಾಲ್ಕು ವರ್ಷಕ್ಕೆ 5 ಲಕ್ಷ. ಫೀಸು ಏರುವುದನ್ನು ನಾವು ಇದರಲ್ಲಿ ಸೇರಿಸಿಯೇ ಇರಲಿಲ್ಲ.

ಬಸ್ಸಿನ ಬಗ್ಗೆ ಒಂದು ಮಾತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸರ್ಕಾರಿ ಬಸ್ಸು ಉಚಿತ ಇದೆ. ಆದರೆ ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇಲ್ಲ, ರಾಜ್ಯದ ಗಡಿ ದಾಟಿದರೂ ಇಲ್ಲ. ರಾತ್ರಿ ಪ್ರಯಾಣಕ್ಕೆ ಮಗಳು ಸ್ಲೀಪರ್‌ನಲ್ಲೇ ಬರಲಿ ಅನ್ನುವುದಾದರೆ ಆ ದುಡ್ಡು ಲೆಕ್ಕದಲ್ಲಿ ಇರಲಿ.

ಮನೆಯಿಂದ ಓಡಾಡುವುದು ಪುಕ್ಕಟೆ ಅಲ್ಲ

ಇದನ್ನು ಬೇರೆ ಹೆಜ್ಜೆಯಾಗಿಯೇ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಬಿಡುವುದು ಇದನ್ನೇ. ಹೋಗಲು ಒಂದೂವರೆ ತಾಸು, ಬರಲು ಒಂದೂವರೆ ತಾಸು. ವರ್ಷಕ್ಕೆ 220 ದಿನ ಕಾಲೇಜು ಅಂದರೂ 660 ತಾಸು ಬಸ್ಸಿನಲ್ಲೇ ಹೋಯಿತು. ಸೀಟು ಸಿಕ್ಕರೆ ಓದಬಹುದು. ಬೆಳಿಗ್ಗೆ ಏಳೂವರೆಯ ಬಸ್ಸಿನಲ್ಲಿ ಸೀಟು ಎಲ್ಲಿ ಸಿಗುತ್ತೆ?

ಮನೆಗೆ ಬಂದ ಮೇಲೆ ಹುಡುಗಿಯಾದರೆ ರೊಟ್ಟಿ ಬಡಿಯಲು ಕರೆಯುತ್ತಾರೆ. ಹುಡುಗನಾದರೆ ಹೊಲಕ್ಕೋ ಅಂಗಡಿಗೋ ಕಳಿಸುತ್ತಾರೆ. ಮನೆಗೆ ನೆಂಟರು ಬಂದರೆ ಓದು ನಿಂತಿತು. ಹತ್ತಿರದ ಕಾಲೇಜು ಆರಿಸುವುದಾದರೆ ಅಪ್ಪ ಅಮ್ಮ ಒಂದು ಮಾತು ಕೊಡಬೇಕು: ಸಂಜೆ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಯಾರೂ ಕರೆಯುವುದಿಲ್ಲ ಅಂತ. ನಾವು ಅಕ್ಕನಿಂದ ಈ ಮಾತು ತಗೊಂಡೆವು. ಅವಳು ಅಳುಮುಖ ಮಾಡಿದಳು, ಆದರೂ ಒಪ್ಪಿದಳು.

ಎರಡರ ನಡುವಿನ ದಾರಿಯೂ ಇದೆ. ಹತ್ತಿರದ ಪಟ್ಟಣದಲ್ಲೇ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಕ್ಕರೆ ಊಟ, ವಸತಿ ಎರಡೂ ಉಚಿತ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದೆ ರೂಮು ಮಾಡಿಕೊಂಡರೆ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ಅಂತ ಹತ್ತು ತಿಂಗಳು ದುಡ್ಡು ಬರುತ್ತದೆ. ಅರ್ಜಿ ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್) ಪೋರ್ಟಲ್‌ನಲ್ಲಿ. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ" ಅಂತಲೇ ಕೇಳಿ. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಅನ್ನುವುದು ಬೇರೆ, ಆಧಾರ್ ಮೂಲಕ ಸರ್ಕಾರದ ದುಡ್ಡು ಆ ಖಾತೆಗೇ ಬರುವಂತೆ ಜೋಡಿಸುವ ಮ್ಯಾಪಿಂಗ್ ಬೇರೆ. ಇದೊಂದು ಆಗದೆ ದುಡ್ಡು ಬರದೆ ಕೂತವರನ್ನು ನೋಡಿದ್ದೇನೆ. ಇನ್ನೊಂದು, ಸರ್ಕಾರದ ದುಡ್ಡು ಫೀಸು ಕಟ್ಟುವ ದಿನಕ್ಕೆ ಸರಿಯಾಗಿ ಬರುತ್ತೆ ಅಂತ ನಂಬಿಕೊಂಡು ಕೂರಬೇಡಿ. ಮೊದಲು ನೀವು ಕಟ್ಟಬೇಕು, ಅದು ಆಮೇಲೆ ಬರುತ್ತೆ.

ಮುಂದಿನದು: ಮುಂಗಡ ಕಟ್ಟಲು ಅವಸರ ಮಾಡಬೇಡಿ

ಖಾಸಗಿ ಕಾಲೇಜಿನವರು "ಇನ್ನು ಮೂರು ದಿನದಲ್ಲಿ ಕಟ್ಟದಿದ್ದರೆ ಸ್ಕಾಲರ್‌ಶಿಪ್ ಹೋಗುತ್ತೆ" ಅಂತಾರೆ. ಸಿಇಟಿ ಸೀಟು ಹಂಚಿಕೆ ಆಗಿರುವುದಿಲ್ಲ. ಅಪ್ಪ ಅಮ್ಮ ಹೆದರಿ ಕಟ್ಟಿಬಿಡುತ್ತಾರೆ. ಅದಕ್ಕೆ ಮುಂಚೆ ನಿಮ್ಮ ಮಗುವಿಗೆ ಯಾವ ಮೀಸಲಾತಿ ಇದೆ ಅಂತ ನೋಡಿ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ 15%. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ 5%. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಅಂತ 5% ಹೆಚ್ಚುವರಿ ಸೀಟುಗಳಿವೆ, ಆದಾಯ 8 ಲಕ್ಷದೊಳಗಿದ್ದರೆ ಟ್ಯೂಷನ್ ಫೀಸು ಮನ್ನಾ. ಇದಕ್ಕೆ ಯಾರೂ ಬ್ಯಾನರ್ ಹಾಕುವುದಿಲ್ಲ, ಆದರೆ ಇದೂ ಸ್ಕಾಲರ್‌ಶಿಪ್ಪೇ ಅಲ್ವಾ?

ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ತಮ್ಮ ಭಾಗದ ಕಾಲೇಜುಗಳಲ್ಲಿ 70% ಸೀಟು, ರಾಜ್ಯದ ಉಳಿದ ಭಾಗದಲ್ಲಿ 8%. ಅಂದರೆ ನಮ್ಮ ಹುಡುಗಿಗೆ ಹೊಸಪೇಟೆಯಲ್ಲಿ ಒಳ್ಳೆ ಬ್ರಾಂಚ್ ಸಿಗುವ ದಾರಿ ಅಗಲವಾಗಿತ್ತು. ಆ 8%ದಲ್ಲಿ ಬೆಂಗಳೂರಿನ ಸರ್ಕಾರಿ ಕೋಟಾ ಸೀಟಿಗೂ ಆಪ್ಷನ್ ಹಾಕಬಹುದಿತ್ತು, ಹಾಕಿಯೂ ಹಾಕಿದೆವು. ಅರ್ಹತಾ ಪ್ರಮಾಣಪತ್ರ ಮಾತ್ರ ಮೊದಲೇ ಮಾಡಿಸಿ ಇಟ್ಟುಕೊಳ್ಳಬೇಕು.

ಕಟ್ಟಲೇಬೇಕು ಅಂತಾದರೆ ಎಷ್ಟು ವಾಪಸ್ ಬರುತ್ತೆ, ಯಾವ ದಿನದೊಳಗೆ ಬಿಟ್ಟರೆ ಬರುತ್ತೆ ಅಂತ ಬರೆಸಿಕೊಳ್ಳಿ. ಮೂಲ ಅಂಕಪಟ್ಟಿ, ಟಿಸಿ ಅವರ ಕೈಗೆ ಕೊಟ್ಟು ಬರಬೇಡಿ. ಪರಿಶೀಲಿಸಿ ಮೂಲ ದಾಖಲೆ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ.

ಹೋಗಿ ನೋಡಿ ಬನ್ನಿ, ಅದೂ ಕೆಲಸದ ದಿನ

ನಾನು, ಬಾವ, ಹುಡುಗಿ ಮೂವರೂ ಹೋದೆವು. ಅಡ್ಮಿಷನ್ ಆಫೀಸಿನವರು ಗಾಜಿನ ಕಟ್ಟಡ, ಈಜುಕೊಳ ತೋರಿಸಿದರು. ನಾವು ನಮಸ್ಕಾರ ಹೇಳಿ ಹೊರಗೆ ಬಂದು ಮಧ್ಯಾಹ್ನ ಮೆಸ್ಸಿಗೆ ಹೋದೆವು. ಕೂಪನ್ ತಗೊಂಡು ಊಟ ಮಾಡಿದೆವು. ಅನ್ನ, ನೀರು ಸಾಂಬಾರು, ಒಂದು ಹಪ್ಪಳ. ಎದುರಿಗೆ ಮೂರನೇ ಸೆಮಿಸ್ಟರಿನ ಒಬ್ಬ ಹುಡುಗಿ ಕೂತಿದ್ದಳು. ಸಿಂಧನೂರು ಕಡೆಯವಳು. ನಮ್ಮ ಮಾತು ಕೇಳಿ ಅವಳೇ ಮಾತಾಡಿಸಿದಳು. "ನಂಗೂ ಐವತ್ತು ಪರ್ಸೆಂಟ್ ಇತ್ರಿ. ಮ್ಯಾಥ್ಸ್ ಒಂದು ಉಳೀತು, ಹೋತು. ಈಗ ಅಪ್ಪ ಪೂರ್ತಿ ಕಟ್ಟಾಕತ್ತಾರ" ಅಂದಳು. ಹಾಗೆ ಹೇಳುವಾಗ ತಟ್ಟೆಯಲ್ಲಿದ್ದ ಹಪ್ಪಳವನ್ನು ಸಣ್ಣ ಸಣ್ಣ ಚೂರು ಮಾಡುತ್ತಿದ್ದಳು, ತಿನ್ನುತ್ತಿರಲಿಲ್ಲ. ಬಾವ ಅವಳ ಮುಖ ನೋಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಬಹಳ ಮಾತಾಡಲಿಲ್ಲ.

ಅದಕ್ಕೇ ಹೇಳುವುದು, ಎರಡನೇ ವರ್ಷದ ಮಕ್ಕಳನ್ನು ಹುಡುಕಿ ಮಾತಾಡಿಸಿ. ಮೊದಲ ವರ್ಷದವರಿಗೆ ಇನ್ನೂ ಗೊತ್ತಿರುವುದಿಲ್ಲ, ಕೊನೆ ವರ್ಷದವರು ಮರೆತಿರುತ್ತಾರೆ. ನಿಮ್ಮ ಜೊತೆ ಸ್ಕಾಲರ್‌ಶಿಪ್ ಸಿಕ್ಕವರಲ್ಲಿ ಈಗ ಎಷ್ಟು ಜನಕ್ಕೆ ಉಳಿದಿದೆ ಅಂತ ಕೇಳಿ. ಹಾಸ್ಟೆಲ್ಲಿನ ಬಚ್ಚಲು ನೋಡಿ, ಬೇಸಿಗೆಯಲ್ಲಿ ನೀರು ಹೇಗೆ ಅಂತ ಕೇಳಿ. ರಾತ್ರಿ ಜ್ವರ ಬಂದರೆ ಯಾರು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ ಅಂತ ವಾರ್ಡನ್ ಹತ್ತಿರವೇ ಕೇಳಿ.

ಹತ್ತಿರದ ಕಾಲೇಜನ್ನೂ ಇದೇ ಕಣ್ಣಿನಿಂದ ನೋಡಬೇಕು. "ಅದೇನು, ಗೊತ್ತಿರೋದೇ" ಅಂತ ಬಿಡಬೇಡಿ. ನಿಮ್ಮ ವಿಷಯಕ್ಕೆ ಕಾಯಂ ಮೇಷ್ಟ್ರು ಎಷ್ಟು ಜನ ಇದ್ದಾರೆ? ನಮ್ಮ ಕಡೆಯ ಎಷ್ಟೋ ಸರ್ಕಾರಿ ಡಿಗ್ರಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ಅವರಲ್ಲಿ ಚೆನ್ನಾಗಿ ಪಾಠ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಅವರ ನೇಮಕ ತಡವಾದರೆ ಪಾಠವೂ ತಡ. ಲ್ಯಾಬಿನ ಬಾಗಿಲು ತೆಗೆಸಿ ನೋಡಿ. ಉಪಕರಣದ ಮೇಲೆ ಧೂಳು ಕೂತಿದ್ದರೆ ಬೇರೆ ಏನೂ ಕೇಳಬೇಕಿಲ್ಲ.

ದೂರಕ್ಕೆ ಕಳಿಸಲೇಬೇಕಾದ ಸಂದರ್ಭ

ಇಷ್ಟು ಓದಿ ನಾನು ಹತ್ತಿರದ ಪರ ಅಂತ ತಿಳಿಯಬೇಡಿ. ನನಗೆ ಗೊತ್ತಿರುವ ಒಬ್ಬ ಹುಡುಗ, ಕುಷ್ಟಗಿ ಹತ್ತಿರದ ಹಳ್ಳಿಯವನು, ತಿರುಪತಿಯ ಐಸರ್‌ಗೆ (ವಿಜ್ಞಾನದ ಓದು, ಸಂಶೋಧನೆಯ ಸಂಸ್ಥೆ) ಹೋದ. ಅವನಿಗೆ ಬೇಕಾಗಿದ್ದು ಭೌತಶಾಸ್ತ್ರ, ಅದೂ ಸಂಶೋಧನೆ. ಅಂಥ ಓದು ನೂರು ಮೈಲಿ ಸುತ್ತಲೂ ಇರಲಿಲ್ಲ. ಸಂಸ್ಥೆ ಕೇಂದ್ರ ಸರ್ಕಾರದ್ದು, ಜೊತೆಗೆ ಇನ್‌ಸ್ಪೈರ್ ಬಂತು. ಇನ್‌ಸ್ಪೈರ್ ದುಡ್ಡು ತಡವಾದ ವರ್ಷವೂ ಅವನ ಅಪ್ಪ ಫೀಸು ಕಟ್ಟಬಲ್ಲವರಾಗಿದ್ದರು. ಅವನನ್ನು ಹತ್ತಿರದಲ್ಲೇ ಇಟ್ಟುಕೊಂಡಿದ್ದರೆ ಅದು ಆ ಹುಡುಗನಿಗೆ ಮಾಡಿದ ಅನ್ಯಾಯ ಆಗುತ್ತಿತ್ತು.

ನಾನು ಅಳೆಯುವುದು ಎರಡೇ ಮಾತಿನಲ್ಲಿ. ಬೇಕಾದ ಓದು ಹತ್ತಿರದಲ್ಲಿ ಇದೆಯಾ? ಸ್ಕಾಲರ್‌ಶಿಪ್ ನಿಂತರೂ ಕೋರ್ಸು ಮುಗಿಸಬಲ್ಲಿರಾ? ಓದು ಹತ್ತಿರ ಇಲ್ಲ, ಮುಗಿಸಬಲ್ಲೆವು ಅಂದರೆ ಕಣ್ಣು ಮುಚ್ಚಿ ಕಳಿಸಿ. ಓದು ಹತ್ತಿರ ಇದೆ, ನಿಂತರೆ ಮುಗಿಸಲಾರೆವು ಅಂದರೆ ಹತ್ತಿರ ಸೇರಿಸಿ. ಡಿಗ್ರಿ ಇಲ್ಲಿ ಮುಗಿಸಿ, ಎಂಎಸ್ಸಿಗೆ ಐಐಟಿ ಜ್ಯಾಮ್ ಪ್ರವೇಶ ಪರೀಕ್ಷೆ ಬರೆದು ದೂರ ಹೋದವರೂ ಇದ್ದಾರೆ.

ಮನಸ್ಸಿಗೆ ನೋವಾಗುವ ಒಂದು ವಿಷಯ ಹೇಳಬೇಕು. ಎಷ್ಟೋ ಮನೆಗಳಲ್ಲಿ ಈ ಹಾಳೆ, ಲೆಕ್ಕ ಯಾವುದೂ ಇಲ್ಲದೆ "ಹುಡುಗಿ, ದೂರ ಬೇಡ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದೇ ಮನೆಯ ಹುಡುಗ ಕಡಿಮೆ ಅಂಕ ತಗೊಂಡು ಬೆಂಗಳೂರಿನಲ್ಲಿ ಓದುತ್ತಿರುತ್ತಾನೆ. ಮಗನಿಗೆ ಹಾಕಿದ ಲೆಕ್ಕವನ್ನೇ ಮಗಳಿಗೂ ಹಾಕಿ. ಭಯ ಇದ್ದರೆ ಹಾಸ್ಟೆಲ್ ನೋಡಿ, ವಾರ್ಡನ್ ಜೊತೆ ಮಾತಾಡಿ. ಸುಮ್ನೆ ಬೇಡ ಅನ್ನಬೇಡಿ.

ಸಾಲ ಮಾಡುವುದಾದರೆ

ಶಿಕ್ಷಣ ಸಾಲ 4 ಲಕ್ಷದವರೆಗೆ ಯಾವ ಅಡಮಾನವೂ ಇಲ್ಲದೆ, ಕೈಯಿಂದ ಪಾಲು ಹಾಕದೆ ಸಿಗುತ್ತದೆ. ಹಾಸ್ಟೆಲ್ ಖರ್ಚೂ ಅದರಲ್ಲಿ ಸೇರುತ್ತೆ. ಸಾಮಾನ್ಯವಾಗಿ ಕೋರ್ಸು ಮುಗಿದು ಒಂದು ವರ್ಷದ ಮೇಲೆ ಕಂತು ಶುರು, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಅರ್ಜಿ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ. ಪೂರ್ತಿ ಖರ್ಚಿಗಲ್ಲ, ಕೊರತೆ ಬೀಳುವಷ್ಟಕ್ಕೆ ಮಾತ್ರ ತಗೊಳ್ಳಿ. ದೂರಕ್ಕೆ ಕಳಿಸುವುದಾದರೆ ಸ್ಕಾಲರ್‌ಶಿಪ್ ಇಲ್ಲದ ಒಂದು ಸೆಮಿಸ್ಟರಿನ ಫೀಸು ಬೇರೆ ಖಾತೆಯಲ್ಲಿ ತೆಗೆದಿಟ್ಟು, ಇಲ್ಲ ಅಂತಲೇ ತಿಳಿದುಕೊಂಡು ಬಿಡಿ.

ಕೊನೆಗೆ: ಮಗು ಮೊದಲು ಮಾತಾಡಲಿ

ಒಂದು ದಿನ ಗೊತ್ತು ಮಾಡಿ. ಮಾಮ, ಚಿಕ್ಕಪ್ಪ, ಪಕ್ಕದ ಮನೆಯವರು ಯಾರೂ ಬೇಡ. ಅಪ್ಪ, ಅಮ್ಮ, ಮಗು ಮೂರೇ ಜನ, ನಡುವೆ ಆ ಹಾಳೆ. ಅಪ್ಪ ಮೊದಲು ಬಾಯಿ ತೆಗೆದರೆ ಮಗು ಅವರ ಮುಖ ನೋಡಿ ಉತ್ತರ ಹೇಳುತ್ತೆ. ಅದಕ್ಕೆ ಮಗು ಮೊದಲು ಹೇಳಲಿ. ನಾನೂ ಆ ದಿನ ಹೋಗಲಿಲ್ಲ.

ಹುಡುಗಿ ಹೊಸಪೇಟೆ ಅಂದಳು. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸೇ ಸಿಕ್ಕಿತು.

ಎಲ್ಲಿ ಸೇರಿದರೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಸ್ಕಾಲರ್‌ಶಿಪ್‌ಗಳನ್ನು ಪ್ರತಿ ವರ್ಷ ನವೀಕರಿಸಬೇಕು. ತಾನಾಗಿಯೇ ಮುಂದುವರಿಯುತ್ತೆ ಅಂತ ಕೂತು ತಪ್ಪಿಸಿಕೊಂಡವರು ಬಹಳ. ಫೀಸು ರಸೀದಿ, ಅಂಕಪಟ್ಟಿ, ಬೋನಫೈಡ್ ಪ್ರಮಾಣಪತ್ರದ ಪ್ರತಿಗಳನ್ನು ಒಂದೇ ಫೈಲಿನಲ್ಲಿ ಇಡಿ, ಮೊಬೈಲಿನಲ್ಲೂ ಫೋಟೋ ತೆಗೆದಿಡಿ. ಪೋರ್ಟಲ್ ಯಾವಾಗ ತೆರೆಯುತ್ತೆ ಅಂತ ತಿಂಗಳಿಗೊಮ್ಮೆ ನೋಡಿ. ಅಕ್ಕನ ಮನೆಯ ಕ್ಯಾಲೆಂಡರಿನಲ್ಲಿ ಈಗ ಪ್ರತಿ ತಿಂಗಳ 1ನೇ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ, ಪಕ್ಕದಲ್ಲಿ ಅಕ್ಕನ ದುಂಡು ಅಕ್ಷರದಲ್ಲಿ 'ಎಸ್‌ಎಸ್‌ಪಿ ನೋಡು' ಅಂತ ಬರೆದಿದೆ.